ಆಚೆ ಬದಿ ಕಾಣುವ ಕಲ್ಲು

ಲೋಕ ಆಗ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ, ಗುಡ್ಡಗಳಿಗೆ ಒಂದೇ ಜಾಗದಲ್ಲಿ ಕೂತು ರೂಢಿಯಾಗಿರಲಿಲ್ಲ. ತಾನು ನೀರಿಗೆ ಸೇರಿದ್ದೋ ನೆಲಕ್ಕೆ ಸೇರಿದ್ದೋ ಎಂದು ಕಪ್ಪೆ ಇನ್ನೂ ತೀರ್ಮಾನಿಸಿರಲಿಲ್ಲ. ಅದು ಇಂದಿಗೂ ತೀರ್ಮಾನಿಸಿಲ್ಲ, ಆ ಮಾತು ಬೇರೆ. ನೀರೆಲ್ಲ ಒಂದೇ ಹೊಳೆಯಾಗಿ ಹರಿಯುತ್ತಿತ್ತು. ಸಮುದ್ರ, ಕೆರೆ, ಬಾವಿ ಎಂದು ಪಾಲಾದದ್ದು ಆಮೇಲೆ.

ಆ ಹೊಳೆ ಒಂದು ಕಡೆ ದೊಡ್ಡ ಕಾಡಿನೊಳಗೆ ಹೊಕ್ಕು, ಬೇರುಗಳ ನಡುವೆ ಸುತ್ತಿ ಸುತ್ತಿ, ದಣಿದು ನಿಂತು ಮಡುವಾಗಿತ್ತು. ಮಡುವಿನ ನೀರು ಬೆಚ್ಚಗೆ, ಮೆತ್ತಗೆ. ಉದುರಿದ ಎಲೆಗಳು ನೆನೆದು ನೆನೆದು ನೀರಿಗೆ ಹಾಲು ಹಾಕದ ಚಹದ ಬಣ್ಣ ಬಂದಿತ್ತು. ಒಂದು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ.

ಅಲ್ಲಿ ದುಂಡಪ್ಪ, ದುಂಡವ್ವ ಎಂಬ ಗಂಡ ಹೆಂಡತಿ ಇದ್ದರು. ಊಟದ ತಟ್ಟೆಯಂತೆ ದುಂಡಗಿನ, ತಟ್ಟೆಯಂತೆಯೇ ತೆಳ್ಳಗಿನ ಮೀನುಗಳು. ಈಗ ಅಂಗಡಿಯವರು ಆ ವಂಶಕ್ಕೆ ಡಿಸ್ಕಸ್ ಎನ್ನುತ್ತಾರೆ. ಇಬ್ಬರೂ ಬಲು ಸಂಕೋಚದವರು. ನೀರಿಗೆ ಎಲೆ ಬಿದ್ದರೂ ಬೆಚ್ಚುತ್ತಿದ್ದರು. ಬೆಚ್ಚಿದರೆ ಮೈಮೇಲೆ ಒಂಬತ್ತು ಕರಿ ಪಟ್ಟೆಗಳು ಮೂಡುತ್ತಿದ್ದವು. ಹಾಗಾಗಿ, ಹೆದರಿಕೆಯನ್ನು ಮುಚ್ಚಿಟ್ಟುಕೊಳ್ಳುವ ಅನುಕೂಲ ಅವರಿಗಿರಲಿಲ್ಲ.

ಮಡು ದೊಡ್ಡದು, ಇರುವವರು ಇಬ್ಬರೇ. ನೆರೆಹೊರೆ ಇದ್ದರೆ ಚೆನ್ನ ಎಂದು ದುಂಡವ್ವನಿಗೆ ಅನಿಸಿತು. ಯಾರಾದರೂ ಬಂದು ಇರಬಹುದು ಎಂದು ದುಂಡಪ್ಪ ಗಾಳಿಯ ಕಿವಿಯಲ್ಲಿ ಹೇಳಿದ. ಗಾಳಿಗೆ ಹೇಳಿದರೆ ಲೋಕಕ್ಕೆಲ್ಲ ಹೇಳಿದಂತೆಯೇ. ಮರುದಿನ ಬೆಳಗಾಗುವಷ್ಟರಲ್ಲಿ ಮಡುವಿನ ಬಾಯಿಯಲ್ಲಿ ಮೀನುಗಳು ಸಾಲುಗಟ್ಟಿ ನಿಂತಿದ್ದವು.

ಸಾಲಿನ ಕಟ್ಟಕಡೆಯಲ್ಲಿ, ಒಂದು ಕಲ್ಲಿಗೆ ಬಾಯಿ ಅಂಟಿಸಿಕೊಂಡು, ತಿಕ್ಕಣ್ಣ ಕಾಯುತ್ತಿದ್ದ. ಒರಟು ಮೈ, ಚಪ್ಪಟೆ ತಲೆ, ತಲೆಯ ಅಡಿಯಲ್ಲಿ ಬಟ್ಟಲಿನಂಥ ಬಾಯಿ. ಕಲ್ಲಿನ ಪಾಚಿ ತಿಕ್ಕಿ ತಿನ್ನುವುದು ಅವನ ಕಸುಬು. ಅವನ ಕುಲದಲ್ಲಿ ತಾಯಿ ಬಿಲದಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತಾಳೆ. ತಂದೆ ಕಾಯುತ್ತಾನೆ. ಮರಿಗಳಿಗೆ ಈಜು ಬಂದ ದಿನ ಅವನೂ ಕೈ ತೊಳೆದುಕೊಳ್ಳುತ್ತಾನೆ. ಅದು ಪದ್ಧತಿ, ಯಾರೂ ದೂರುವುದಿಲ್ಲ. ತಿಕ್ಕಣ್ಣನೂ ದೂರಿರಲಿಲ್ಲ. ತಾನು ಯಾವುದನ್ನು ಕಂಡಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ದುಂಡಪ್ಪ ಬಂದವರಿಗೆಲ್ಲ ಮೂರೇ ಮಾತು ಕೇಳುತ್ತಿದ್ದ. ಸೆಕೆ ತಡೆಯುತ್ತೀಯಾ? ಏನನ್ನು ಹೇಗೆ ಉಣ್ಣುತ್ತೀ? ಉಣ್ಣದೆ ಇರುವಾಗ ಬಾಯಿಯನ್ನು ಎಲ್ಲಿ ಇಡುತ್ತೀ?

ಮೊದಲು ಬಂದವಳು ಬಂಗಾರದ ಮೀನು. ಸೆಕೆಯೇ, ನನಗೇ, ಛೇ ಛೇ ಎಂದಳು. ಎನ್ನುತ್ತಲೇ ನೀರಿನ ಮೇಲಕ್ಕೆ ಹೋಗಿ ಬಾಯಿ ತೆರೆದು ಏದುಸಿರು ಬಿಟ್ಟಳು. ತಣ್ಣೀರಿನವಳಿಗೆ ಬೆಚ್ಚನೆಯ ಮನೆ ಆಗಿಬರುವುದಿಲ್ಲ ಎಂದು ದುಂಡಪ್ಪ ನಯವಾಗಿ ಹೇಳಿ ಕಳಿಸಿದ.

ಆಮೇಲೆ ಹುಲಿಪಟ್ಟೆಯ ಬಾರ್ಬ್ ಮೀನು ಬಂದ. ಮಾತು ಬಹಳ ಚೆನ್ನಾಗಿತ್ತು. ಅವನ ಮಾತು ಮುಗಿಯುವಷ್ಟರಲ್ಲಿ ದುಂಡಪ್ಪನ ರೆಕ್ಕೆಯ ಅಂಚು ನಾಲ್ಕು ಕಡೆ ಹರಿದಿತ್ತು. ಬಾಯಿಯನ್ನು ಎಲ್ಲಿಡುತ್ತೀ ಎಂದು ಅವನನ್ನು ಕೇಳುವ ಅಗತ್ಯ ಬೀಳಲಿಲ್ಲ.

ಆಮೇಲೆ ಉದ್ದ ಸೆರಗಿನ ಏಂಜಲ್ ಮೀನು ಬಂದಳು. ದುಂಡವ್ವನಿಗೆ ದೂರದ ನೆಂಟಳು. ನೆಂಟಳೆಂದು ಊಟಕ್ಕೆ ಕೂರಿಸಿದರು. ಮನೆಯವರು ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ನೆಂಟಳು ಮೂವರ ಪಾಲನ್ನೂ ಮುಗಿಸಿ, ಅಡುಗೆಗೆ ಇನ್ನೊಂಚೂರು ಹದ ಬೇಕಿತ್ತು ಎಂದಳು. ಅವಳನ್ನು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು.

ಕೆಂಪು ನೀಲಿ ಗೆರೆಯ ಪುಟ್ಟ ಮೀನುಗಳು ಐವತ್ತು ಬಂದವು. ಐವತ್ತೂ ಒಟ್ಟಿಗೆ ತಿರುಗುತ್ತಿದ್ದವು, ಒಟ್ಟಿಗೆ ಹೂಂ ಎನ್ನುತ್ತಿದ್ದವು. ಅವಕ್ಕೆ ಸೆಕೆ ಒಗ್ಗುತ್ತಿತ್ತು, ಬಾಯಿ ತೀರ ಚಿಕ್ಕದು. ಇರಲಿ ಎಂದ ದುಂಡಪ್ಪ. ನೆಲ ಗುಡಿಸುವ ಮೀಸೆಯ ಮೀನು ಬಂದಳು. ಇತರರು ಉಂಡು ಬೀಳಿಸಿದ್ದೇ ತನಗೆ ಸಾಕು ಎಂದು ಕಣ್ಣು ಮಿಟುಕಿಸಿದಳು. ಅವಳಿಗೂ ಜಾಗ ಸಿಕ್ಕಿತು. ಮೀಸೆಯವ್ವ ಎಂದು ಎಲ್ಲರೂ ಕರೆದರು.

ಕಡೆಗೆ ತಿಕ್ಕಣ್ಣನ ಸರದಿ.

“ಸೆಕಿ ತಡೀತಿ ಏನೋ ತಮ್ಮಾ?”

“ತಡೀತೀನ್ರಿ ಯಪ್ಪಾ. ಬೆಚ್ಚಗಿದ್ರ ಛಲೋನ.”

“ಏನ್ ಉಣ್ತಿ?”

“ಪಾಚಿ. ಮಂದಿ ಬಿಟ್ಟದ್ದು. ಯಾರೂ ಬ್ಯಾಡ ಅಂದದ್ದು ನಂದು.”

“ಉಣ್ಣದಾಗ ಬಾಯಿ ಎಲ್ಲಿಡ್ತಿ?”

“ಕಲ್ಲಿಗೆ,” ಎಂದ ತಿಕ್ಕಣ್ಣ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಅವನಿಗೂ ಒಂದು ಬೇರಿನ ಸಂದಿಯಲ್ಲಿ ಜಾಗ ಸಿಕ್ಕಿತು. ಮಡು ಚೊಕ್ಕಟವಾಯಿತು. ದುಂಡಪ್ಪ ತನ್ನ ಆಯ್ಕೆಯನ್ನು ತಾನೇ ಮೆಚ್ಚಿಕೊಂಡ. ಕೆಲವು ಕಾಲ ಎಲ್ಲವೂ ಸರಿಯಾಗಿತ್ತು.

ಆಮೇಲೆ ದುಂಡವ್ವ ಒಂದು ಅಗಲವಾದ ಎಲೆಯ ಮೇಲೆ ಮೊಟ್ಟೆಯಿಟ್ಟಳು. ಮರಿಗಳು ಹೊರಬಂದವು. ಧೂಳಿನಷ್ಟು ಮರಿಗಳು. ಅವು ತಿನ್ನಲು ಎಲ್ಲಿಯೂ ಹೋಗಲಿಲ್ಲ. ನೇರ ಬಂದು ತಾಯಿಯ ಮೈಗೆ ಮುತ್ತಿಕೊಂಡವು. ದುಂಡವ್ವನ ಮೈ ತುಂಬ ಹಾಲಿನಂಥ ಲೋಳೆ ಉಕ್ಕಿತ್ತು. ಮರಿಗಳು ಅದನ್ನು ಚೀಪಿದವು. ಅವಳಿಗೆ ದಣಿವಾದಾಗ ಮೈಯನ್ನು ಒಮ್ಮೆ ಝಾಡಿಸುತ್ತಿದ್ದಳು, ನಿಮ್ಮಪ್ಪನ ಕಡೆ ಹೋಗ್ರಿ ಎನ್ನುತ್ತಿದ್ದಳು. ಮರಿಗಳೆಲ್ಲ ತೇಲಿ ದುಂಡಪ್ಪನ ಮೈಗೆ ಮುತ್ತಿಕೊಳ್ಳುತ್ತಿದ್ದವು. ಅವನ ಮೈಯಲ್ಲೂ ಹಾಲಿತ್ತು. ಹೀಗೆ ಅತ್ತ ಇತ್ತ, ಇತ್ತ ಅತ್ತ.

ತಿಕ್ಕಣ್ಣ ತಿಕ್ಕುವುದನ್ನು ನಿಲ್ಲಿಸಿದ.

ಬೇರಿನ ಸಂದಿಯಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಆದ್ದರಿಂದ ಅವನು ಅವರೆದುರಿನ ಒಂದು ಕಲ್ಲಿಗೆ ಬಂದು ಅಂಟಿದ. ಅಲ್ಲಿ ಬಹಳ ಪಾಚಿಯಿದೆ ಎಂದು ಕೇಳದವರಿಗೂ ಹೇಳಿದ. ಮೊದಲನೆಯ ದಿನ ಅದೇ ಕಲ್ಲು ತಿಕ್ಕಿದ. ಎರಡನೆಯ ದಿನ ಅದೇ ಕಲ್ಲು ತಿಕ್ಕಿದ. ಮೂರನೆಯ ದಿನವೂ ಅದೇ ಕಲ್ಲು ತಿಕ್ಕಿದ. ಇಡೀ ಹೊಳೆಯಲ್ಲಿ ಅಷ್ಟು ಸ್ವಚ್ಛವಾದ ಕಲ್ಲು ಇನ್ನೊಂದು ಇರಲಿಲ್ಲ.

ಮೀಸೆಯವ್ವ ನೆಲ ಗುಡಿಸುತ್ತ ಆ ಕಡೆ ಬಂದಳು. “ತಿಕ್ಕಣ್ಣಾ, ಈ ಕಲ್ಲಿನ ಪಾಚಿ ಹೋಗಿ ಮೂರು ದಿನ ಆತು. ಇನ್ನೇನು, ಕಲ್ಲು ತಿಂದು ಮುಗಸ್ತೀ?”

ತಿಕ್ಕಣ್ಣ ತಿಕ್ಕುತ್ತಲೇ ಇದ್ದ. ಅವನ ಕಣ್ಣು ಎತ್ತ ಇದೆ ಎಂದು ಮೀಸೆಯವ್ವ ನೋಡಿದಳು. ನೋಡಿ, ಮತ್ತೇನೂ ಚೇಷ್ಟೆ ಮಾಡದೆ ಮುಂದೆ ಗುಡಿಸಿಕೊಂಡು ಹೋದಳು.

ಬಲಿತು ದೊಡ್ಡವನಾದ ಮೀನಿಗೆ ತಾಯಿಯ ಹಾಲಿನ ಆಸೆ ಎಂದರೆ ಕೇಳಿದವರು ನಗುತ್ತಾರೆ. ಅದು ತಿಕ್ಕಣ್ಣನಿಗೂ ಗೊತ್ತಿತ್ತು. ಅದಕ್ಕೇ ಅವನು ಯಾರಿಗೂ ಹೇಳಲಿಲ್ಲ. ಆಸೆ ಎಂಬುದು ಹೇಳದಿದ್ದರೆ ಒಣಗಿಹೋಗುತ್ತದೆ ಎಂದು ಅವನು ನಂಬಿದ್ದ. ನೀರಿನಲ್ಲಿ ವಾಸಿಸುವವರು ಒಣಗುವುದನ್ನು ನಂಬಿ ಕೂರಬಾರದು.

ದಿನಗಳು ಕಳೆದವು. ಮರಿಗಳು ಬೆಳೆದವು, ದುಂಡಗಾದವು. ಒಂದೊಂದೇ ತಾಯಿಯ ಮೈ ಬಿಟ್ಟು, ತಾವೇ ಹುಳ ಹಿಡಿದು ತಿನ್ನಲು ಕಲಿತವು. ಆಮೇಲೆ ಮಡುವಿನ ಆಚೆ ಕೊನೆಗೆ ಹೋದವು. ಒಂದು ಮಾರು ದೂರ ದಾಟಿದ ಮೇಲೆ ಅವು ಕಾಣಲಿಲ್ಲ. ದುಂಡವ್ವ ಅವು ಹೋದ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು. ಅವಳ ಮೈಯಲ್ಲಿ ಹಾಲು ಇನ್ನೂ ಉಳಿದಿತ್ತು.

ತಿಕ್ಕಣ್ಣ ನೋಡಿದ. ಅವನು ಬದುಕಿಡೀ ನಡೆದದ್ದು ಒಂದೇ ನ್ಯಾಯದ ಮೇಲೆ. ಮಂದಿ ಬಿಟ್ಟದ್ದು ತನ್ನದು. ಯಾರೂ ಬೇಡವೆಂದದ್ದು ತನ್ನದು. ಈಗ ಮಕ್ಕಳು ಬಿಟ್ಟು ಹೋಗಿದ್ದವು.

ಮಟಮಟ ಮಧ್ಯಾಹ್ನ. ದುಂಡಪ್ಪ ಬೇರಿನ ನೆರಳಿನಲ್ಲಿ ತೂಕಡಿಸುತ್ತಿದ್ದ. ಐವತ್ತು ಪುಟ್ಟ ಮೀನುಗಳೂ ಒಟ್ಟಿಗೆ ತೂಕಡಿಸುತ್ತಿದ್ದವು. ತಿಕ್ಕಣ್ಣ ಕಲ್ಲು ಬಿಟ್ಟ. ಮೆಲ್ಲಗೆ ಹೋಗಿ ದುಂಡವ್ವನ ಪಕ್ಕೆಗೆ ಬಾಯಿಟ್ಟ.

ದುಂಡವ್ವ ಅಲ್ಲಾಡಲಿಲ್ಲ.

ಆ ರುಚಿಯನ್ನು ತಿಕ್ಕಣ್ಣ ಯಾರಿಗೂ ವರ್ಣಿಸಿ ಹೇಳಿಲ್ಲ, ಹಾಗಾಗಿ ನಾವೂ ಹೇಳಲಾರೆವು. ಪಾಚಿಯಂತಿರಲಿಲ್ಲ ಎಂಬುದಷ್ಟೇ ಗೊತ್ತು. ಆದರೆ ಅವನ ಬಾಯಿ ಕಲ್ಲಿಗೆಂದು ಮಾಡಿದ್ದು. ಹಿಡಿದರೆ ಬಿಗಿಯಾಗಿ ಹಿಡಿಯುತ್ತಿತ್ತು, ತಿಕ್ಕಿದರೆ ಕೆರೆಯುತ್ತಿತ್ತು. ಒಂದು ಗಳಿಗೆಯಲ್ಲಿ ದುಂಡವ್ವನ ಚರ್ಮ ಕಿತ್ತು ಬಂತು. ಅವಳ ಮೈಮೇಲೆ ಒಂಬತ್ತು ಕರಿ ಪಟ್ಟೆಗಳೂ ಒಮ್ಮೆಲೇ ಎದ್ದವು. ದುಂಡಪ್ಪ ಎಚ್ಚೆತ್ತು ಓಡಿಬಂದ. ತಿಕ್ಕಣ್ಣ ಬಾಯಿ ತೆಗೆದ. ಅವನು ಹಿಡಿದಿದ್ದ ಕಡೆ ಬೆಳ್ಳಗೆ, ಅವನ ಬಾಯಿಯ ಬಟ್ಟಲಿನಷ್ಟೇ ಅಗಲದ ಗಾಯವಿತ್ತು.

ಅಂದಿನಿಂದ ದುಂಡವ್ವ ಊಟ ಬಿಟ್ಟಳು. ಮೂಲೆಯಲ್ಲಿ ತಲೆ ತಗ್ಗಿಸಿ ನಿಲ್ಲತೊಡಗಿದಳು. ಮೈಬಣ್ಣ ಕಪ್ಪಿಟ್ಟಿತು. ತಿಕ್ಕಣ್ಣ ಬೇರಿನ ಸಂದಿಯೊಳಗೆ ಹೋಗಿ, ಕಟ್ಟಿಗೆಯನ್ನು ಬಲವಾಗಿ ಕಚ್ಚಿ ಹಿಡಿದು ಕೂತ. ಇನ್ನೆಂದೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನಾಲ್ಕನೆಯ ದಿನ ನೋಡಿಕೊಂಡರೆ, ಕಟ್ಟಿಗೆ ಅಲ್ಲೇ ಇತ್ತು, ಅವನು ದುಂಡವ್ವನಿಂದ ಗೇಣು ದೂರದಲ್ಲಿದ್ದ. ಹೇಗೆ ಬಂದೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಅವನು ಇದ್ದರೆ ಅವಳು ಉಳಿಯುವುದಿಲ್ಲ. ಇದನ್ನು ಯಾರೂ ಅವನಿಗೆ ಹೇಳಬೇಕಾಗಲಿಲ್ಲ.

ದುಂಡಪ್ಪ ಬೈಯಲು ಬಂದಿದ್ದ. ಆದರೆ ಅವನು ಬೈದು ರೂಢಿಯಿದ್ದವನಲ್ಲ. “ನಾ ಕೇಳೂದು ಕೇಳಿದ್ನಿ, ನೀ ಹೇಳೂದು ಹೇಳಿದ್ದಿ,” ಎಂದ. “ಇಬ್ಬರೂ ಸುಳ್ಳು ಆಡಲಿಲ್ಲ. ಆದ್ರೂ ಹಿಂಗ ಆತು ನೋಡು.”

ದುಂಡವ್ವ ಮೂಲೆಯಿಂದಲೇ ಮಾತಾಡಿದಳು. “ನೀ ಹಿಡಕೊಂಡಾಗ ನನಗ ಗೊತ್ತಾತು, ಇದು ನನ್ನ ಕೂಸಿನ ಬಾಯಿ ಅಲ್ಲ ಅಂತ. ಗೊತ್ತಾಗಿನೂ ಸುಮ್ನ ನಿಂತೆ.”

“ಯಾಕ ಯವ್ವಾ?”

“ಕೂಸುಗಳು ಹೋಗಿ ಮೈ ಖಾಲಿ ಇತ್ತಲ್ಲೋ.”

ಆಮೇಲೆ ತಿಕ್ಕಣ್ಣ, ದೂರ ಹೋಗಿ ಇರುತ್ತೇನೆ, ಮುಟ್ಟುವುದಿಲ್ಲ, ಬರೀ ನೋಡುತ್ತಿರುತ್ತೇನೆ ಎಂದ.

“ಈ ನೀರಾಗ ಕಾಣೂವಷ್ಟು ದೂರ ಅಂದ್ರ ಮುಟ್ಟೂವಷ್ಟು ಹತ್ರನ,” ಎಂದ ದುಂಡಪ್ಪ. ಅದೂ ನಿಜವೇ.

“ನಡುವ ಏನರ ಇರಬೇಕು,” ಎಂದಳು ದುಂಡವ್ವ. “ಕಣ್ಣು ದಾಟಬೇಕು, ಬಾಯಿ ದಾಟಬಾರದು.”

ಅಂಥದ್ದು ಏನಿದೆ ಎಂದು ಯಾರಿಗೂ ತಿಳಿಯದು. ತಿಕ್ಕಣ್ಣ ಮಡುವಿನ ಬಾಯಿಗೆ ಹೋಗಿ ಹೊಳೆಯನ್ನು ಕೇಳಿದ. ಹೊಳೆ ಲೋಕವೆಲ್ಲ ಸುತ್ತಿದವಳು. ಕಲ್ಲಿನಷ್ಟು ಗಟ್ಟಿ ಇರಬೇಕು, ಆಚೆ ಬದಿ ಕಾಣಬೇಕು, ಅಂಥದ್ದು ಎಲ್ಲಾದರೂ ಇದೆಯೇ ಎಂದ.

ಹೊಳೆ ಅಂಥದ್ದನ್ನು ಎಲ್ಲಿಯೂ ಕಂಡಿರಲಿಲ್ಲ. ಆದರೆ ಅವನ ಮುಖ ನೋಡಿ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. “ಐತಿ ತಗೋ ಮಗನ. ತಿಕ್ಕಕೋತ ಹೋಗು. ಒಂದಿಲ್ಲೊಂದು ಕಲ್ಲು ತಿಳಿ ಆಗತೈತಿ,” ಎಂದಳು. ಹೊಳೆಗೆ ಮಾತು ಕೊಡುವುದು ಸುಲಭ. ಕೊಟ್ಟ ಮೇಲೆ ಅವಳು ಅಲ್ಲಿ ನಿಲ್ಲುವುದಿಲ್ಲ.

ತಿಕ್ಕಣ್ಣ ಹೊರಟ. ದುಂಡವ್ವನ ಗಾಯ ನಿಧಾನಕ್ಕೆ ಮಾಯಿತು. ಅವಳು ಊಟಕ್ಕೆ ಕೂತಳು. ಅದು ಅವನಿಗೆ ಗೊತ್ತಾಗಲಿಲ್ಲ. ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

ಅವನು ಮೊದಲ ಕಲ್ಲು ತಿಕ್ಕಿದ. ತಿಕ್ಕಿ ನೋಡಿದ. ಕಲ್ಲು ಕಲ್ಲಾಗಿಯೇ ಇತ್ತು. ಎರಡನೆಯದು ತಿಕ್ಕಿದ. ತಿಕ್ಕಿ ನೋಡಿದ. ಕಲ್ಲು ಕಲ್ಲಾಗಿಯೇ ಇತ್ತು. ಹೊಳೆ ಹರಿದು ಪಾಲಾಗಿ ಕೆರೆಯಾಯಿತು, ಬಾವಿಯಾಯಿತು, ಸಮುದ್ರವಾಯಿತು. ತಿಕ್ಕಣ್ಣನ ಮಕ್ಕಳು ತಿಕ್ಕಿದರು, ಮೊಮ್ಮಕ್ಕಳು ತಿಕ್ಕಿದರು. ಏನು ಹುಡುಕುತ್ತಿದ್ದೇವೆ ಎಂದು ತಂದೆ ಬಿಲದಲ್ಲಿ ಮರಿಗಳಿಗೆ ಒಮ್ಮೆ ಹೇಳುತ್ತಿದ್ದ, ಆಮೇಲೆ ಕಳಿಸಿಬಿಡುತ್ತಿದ್ದ.

ಹೀಗೆ ಬಹಳ ಕಾಲವಾದ ಮೇಲೆ ಮನುಷ್ಯರು ಮರಳನ್ನು ಬೆಂಕಿಯಲ್ಲಿ ಕರಗಿಸಿ ಗಾಜು ಮಾಡುವುದನ್ನು ಕಲಿತರು. ಅವರು ಮಾಡಿದ್ದು ತಮ್ಮ ಕಿಟಕಿಗೆ, ಕನ್ನಡಕಕ್ಕೆ. ಮೀನಿನ ತೊಟ್ಟಿ ಕಟ್ಟಲು ಹೊರಟದ್ದು ಆಮೇಲೆ. ಹೊಳೆ ಕೊಟ್ಟ ಮಾತನ್ನು ತಾವು ನಡೆಸಿಕೊಡುತ್ತಿದ್ದೇವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೊಳೆಯಂತೂ ಯಾವತ್ತೋ ಮರೆತಿದ್ದಳು.

ತಿಳಿದ ಅಂಗಡಿಯವರು ಇಂದಿಗೂ ದುಂಡಪ್ಪನ ಮೂರು ಮಾತು ಕೇಳಿಯೇ ತೊಟ್ಟಿಗೆ ಮೀನು ಬಿಡುತ್ತಾರೆ. ಡಿಸ್ಕಸ್ ಇರುವ ಬೆಚ್ಚನೆಯ ತೊಟ್ಟಿಗೆ ಕೆಂಪು ನೀಲಿ ಗೆರೆಯ ಪುಟ್ಟ ಮೀನುಗಳು, ನೆಲ ಗುಡಿಸುವ ಮೀಸೆಯವು. ಬಂಗಾರದ ಮೀನು ಬೇರೆ, ಬಾರ್ಬ್ ಬೇರೆ. ಕಲ್ಲು ತಿಕ್ಕುವ, ತಿಕ್ಕಣ್ಣನ ವಂಶದ ಸಕ್ಕರ್ ಮೀನು ಪಕ್ಕದ ತೊಟ್ಟಿಯಲ್ಲಿ. ತಿಳಿಯದವರು, ಗಾಜು ಸ್ವಚ್ಛ ಮಾಡುತ್ತದಲ್ಲ ಎಂದು ಅದನ್ನೂ ಡಿಸ್ಕಸ್ ಜೊತೆಗೇ ಬಿಡುತ್ತಾರೆ. ವಾರ ಕಳೆದ ಮೇಲೆ ಡಿಸ್ಕಸ್ಸಿನ ಪಕ್ಕೆಯ ಮೇಲೆ ಈ ಬಿಳಿ ಗುರುತು ಎಲ್ಲಿಂದ ಬಂತು ಎಂದು ನೀರನ್ನು ಪರೀಕ್ಷೆ ಮಾಡಿಸುತ್ತಾರೆ.

ನೀವು ಮೀನಿನ ಅಂಗಡಿಗೆ ಹೋದಾಗ ನೋಡಿ. ಎರಡು ತೊಟ್ಟಿಗಳ ನಡುವಿನ ಗಾಜಿಗೆ ಸಕ್ಕರ್ ಮೀನು ಬಾಯಿ ಒತ್ತಿ ಹಿಡಿದು ಗಂಟೆಗಟ್ಟಲೆ ಅಂಟಿಕೊಂಡಿರುತ್ತದೆ. ಪಾಚಿ ತಿನ್ನುತ್ತಿದೆ ಎಂದು ದೊಡ್ಡವರು ಹೇಳುತ್ತಾರೆ. ತಿನ್ನುತ್ತದೆ, ಸುಳ್ಳಲ್ಲ. ಆದರೆ ಆ ಗಾಜಿನಲ್ಲಿ ಪಾಚಿ ಹೋಗಿ ಮೂರು ದಿನವಾಗಿದ್ದರೂ ಅದು ಅಲ್ಲೇ ಇರುತ್ತದೆ, ಮತ್ತು ಆಚೆ ಬದಿಯಲ್ಲಿ ದುಂಡನೆಯ ಡಿಸ್ಕಸ್ ಒಂದು ತೇಲಿ ಬಂದು ನಿಂತಾಗ ಇಂದಿಗೂ ಅದು ಒಂದು ಗಳಿಗೆ ತಿಕ್ಕುವುದನ್ನು ನಿಲ್ಲಿಸುತ್ತದೆ.