ಗಾಜಿನ ನವಣೆ ತೆನೆ

"ಗುರುಗಳೇ, ಅಪರೂಪದ್ದನ್ನು ಕಾಪಾಡುವುದು ಎಂದರೇನು?" ಎಂದು ಶಿಷ್ಯ ಕೇಳಿದ.

"ಸರಿಯಾದವನ ಹತ್ತಿರವೇ ಬಂದೆ. ಈ ಕತೆ ಏಳು ಸೀಮೆಯಲ್ಲಿ ನನ್ನೊಬ್ಬನಿಗೇ ಗೊತ್ತು. ಸುಳ್ಳು ಬೆರೆತಿರುವುದು ಕಾಲುಪಾಲು ಮಾತ್ರ, ಕೇಳು" ಎಂದು ಗುರುಗಳು ಶುರುಮಾಡಿದರು.

ಒಂದೂರಲ್ಲಿ ಗಾಜು ಊದುವವನೊಬ್ಬನಿದ್ದ. ಊರವರೆಲ್ಲ ನವಣೆ ಬಿಟ್ಟು ಭತ್ತಕ್ಕೆ ಹೊರಳಿದ್ದರು. ನವಣೆಯ ಬೀಜವೇ ಅಳಿದೀತೆಂದು ಅವನಿಗೆ ಸಂಕಟ. ಏಳು ವರ್ಷ ಕುಲುಮೆಯ ಮುಂದೆ ಕೂತು ಗಾಜಿನದೊಂದು ತೆನೆ ಮಾಡಿದ. ಒಂದೊಂದು ಗಾಜಿನ ಗುಳ್ಳೆಯೊಳಗೂ ಒಂದೊಂದು ನಿಜವಾದ ಬಿತ್ತನೆ ಕಾಳು. ಕಾಳು ಸುಡದಂತೆ ಹೇಗೆ ಒಳಗಿಟ್ಟ ಎಂದು ಕೇಳಬೇಡ. ನನಗೆ ಗೊತ್ತು, ಹೇಳುವುದಿಲ್ಲ. ಆ ತೆನೆಯನ್ನು ಕುಕ್ಕಿ ಕುಕ್ಕಿ ಕೊಕ್ಕು ಮೊಂಡಾದ ಗುಬ್ಬಿಗಳು ಸಾಣೆ ಹಿಡಿಸಲು ಕಮ್ಮಾರನ ಮನೆಗೆ ಹೋದವಂತೆ.

ಆಮೇಲೆ ಮಳೆಗಳು ಹಾದಿ ತಪ್ಪಿದವು. ಆರಿದ್ರಾ ಮಳೆ ಬರಲಿಲ್ಲ. ಕೊಯ್ಲಿನ ಹೊತ್ತಿಗೆ ಬಂದ ಮಳೆ ಪೈರನ್ನೇ ಕೊಚ್ಚಿಕೊಂಡು ಹೋಯಿತು. ಬಿಸಿಲು ವರ್ಷದಿಂದ ವರ್ಷಕ್ಕೆ ಏರಿತು. ಮೂರು ವರ್ಷ ಭತ್ತ ಕೈಕೊಟ್ಟಿತು. ಕಣಜಗಳ ತಳ ಕಂಡಿತು.

ಬೇಸಾಯದ ಮುದುಕಿಯೊಬ್ಬಳು ಬಂದಳು. "ಅಪ್ಪಾ, ಅರೆಮಳೆಗೂ ಬೆಳೆಯುವುದು ನವಣೆ. ಅದರ ಬೀಜ ಉಳಿದಿರುವುದು ನಿನ್ನ ತೆನೆಯಲ್ಲಿ ಮಾತ್ರ. ಕೊಡು."

"ಅದಕ್ಕೆ ಬಾಯಿ ಇಟ್ಟಿಲ್ಲ ಅಜ್ಜಿ. ಒಡೆಯಬೇಕು."

"ಒಡಿ ಮತ್ತೆ."

"ಏಳು ವರ್ಷದ ಕೆಲಸ! ಒಡೆದ ಮೇಲೆ ಕಾಳು ಮೊಳೆಯದಿದ್ದರೆ?"

"ನನ್ನನ್ನು ಬೈಯಿ. ಒಡೆಯದಿದ್ದರೆ ಬೈಸಿಕೊಳ್ಳಲು ನಾನೂ ಇರುವುದಿಲ್ಲ, ಬೈಯಲು ನೀನೂ ಇರುವುದಿಲ್ಲ."

ಅವನು ತೆನೆಯನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿದ. ಬಟ್ಟೆಯಲ್ಲಿ ಸುತ್ತಿದ. ಕಣ್ಣು ಮುಚ್ಚಿ ಚಿಮಟದಿಂದ ಹೊಡೆದ. ಇಬ್ಬರೂ ಕೂತು ಚೂರುಗಳ ನಡುವಿನಿಂದ ಒದ್ದೆ ಬೆರಳಲ್ಲಿ ಕಾಳು ಹೆಕ್ಕಿದರು. ಮುನ್ನೂರು ಕಾಳು ಸಿಕ್ಕಿತು. ಪಾತಿ ಮಾಡಿ ಬಿತ್ತಿದರು. ಎಂಟು ದಿನ ಅವನು ಕುಲುಮೆ ಹೊತ್ತಿಸದೆ ಪಾತಿಯ ಪಕ್ಕದಲ್ಲೇ ಕೂತ. ಮೊಳೆತದ್ದು ಹನ್ನೊಂದು.

ಹನ್ನೊಂದು ತೆನೆಯಿಂದ ಮರುವರ್ಷ ಒಂದು ಪಟ್ಟೆ ಹೊಲ. ನಾಲ್ಕನೇ ವರ್ಷಕ್ಕೆ ಮನೆಮನೆಯಲ್ಲೂ ಬಿತ್ತನೆ. ಅವನು ಆ ಚೂರುಗಳನ್ನೆಲ್ಲ ಕರಗಿಸಿ ಬೀಜವಿಡಲು ಭರಣಿಗಳನ್ನು ಊದಿದ. ಪ್ರತಿಯೊಂದಕ್ಕೂ ಕೈ ಹಿಡಿಸುವಷ್ಟು ಅಗಲದ ಬಾಯಿ.

ಕತೆ ಮುಗಿಯಿತು. ಶಿಷ್ಯ ನಿಟ್ಟುಸಿರು ಬಿಟ್ಟು, "ಪಾಪ, ಅಂಥ ತೆನೆ ಹಾಳಾಯಿತಲ್ಲ ಗುರುಗಳೇ" ಎಂದ.

ಗುರುಗಳು ಹೇಳಿದರು: "ಹಾಳಾಯಿತು ಅನ್ನುವುದಾದರೆ, ಬೆಳಗ್ಗೆ ನೀನು ಮೂರು ಸಲ ಹಾಕಿಸಿಕೊಂಡು ಉಂಡೆಯಲ್ಲ, ಆ ನವಣೆ ಅನ್ನ ಎಲ್ಲಿಂದ ಬಂತು?"