ಮರಳಿದಾಗಲೆಲ್ಲ

“ಗುರುಗಳೇ, ಅಸೂಯೆಯನ್ನು ಪೂರ್ತಿ ಕಿತ್ತುಹಾಕುವ ವ್ರತ ಯಾವುದು?”

ಕೇಳಿದವನು ಮೂರು ವರ್ಷದಿಂದ ಮಠದಲ್ಲಿ ಓದುತ್ತಿದ್ದ ಶಂಭುಲಿಂಗ. ಪಾಠದ ಹೊತ್ತಿನಲ್ಲಿ ಗುರುಗಳು ತನ್ನನ್ನು ಬಿಟ್ಟು ಬೇರೆಯವನನ್ನು ಮೊದಲು ಕರೆದರೆ ಅವನ ಹೊಟ್ಟೆ ಉರಿಯುತ್ತಿತ್ತು. ಅದು ತಪ್ಪೆಂದು ಅವನಿಗೆ ಗೊತ್ತಿತ್ತು. ಅದಕ್ಕಾಗಿ ಒಂದು ತಿಂಗಳು ಒಪ್ಪೊತ್ತು ಉಂಡ. ಮುಂದಿನ ತಿಂಗಳು ಮೌನ ಹಿಡಿದ. ಅದೂ ಸಾಲದೆಂದು ಬರಿ ನೆಲದ ಮೇಲೆ ಮಲಗಿ, ದಿನಕ್ಕೆ ಮೂರು ಸಲ ತಣ್ಣೀರು ಮೀಯತೊಡಗಿದ. ಮೈ ಇಳಿಯಿತು. ಓದು ನಿಂತಿತು. ಅಸೂಯೆ ಮಾತ್ರ ಆರೋಗ್ಯವಾಗಿತ್ತು.

“ಇನ್ನೂ ಕಠಿಣವಾದದ್ದು ಹೇಳಿ. ಇವತ್ತೇ ಹಿಡಿಯುತ್ತೇನೆ. ಇಲ್ಲವಾದರೆ ಮಠ ಬಿಟ್ಟು ಹೋಗುತ್ತೇನೆ.”

“ಮೊದಲು ಕೂತುಕೋ” ಎಂದರು ಗುರುಗಳು.

ಅವನು ಅರ್ಧ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ರೈತನಿಗೆ ಎಲೆತೋಟವಿತ್ತು. ಹನ್ನೊಂದು ವರ್ಷದ ಬಳ್ಳಿ. ಅವನ ಅನ್ನವೆಲ್ಲ ಅದರಿಂದಲೇ. ಒಂದು ವರ್ಷ ಬಳ್ಳಿಯ ಸಾಲುಗಳ ನಡುವೆ ಜೇಕು ಎದ್ದಿತು. ಜೇಕಿನ ಹುಲ್ಲು ಮೇಲಿರುತ್ತದೆ, ಗಡ್ಡೆ ಗೇಣಾಳದಲ್ಲಿರುತ್ತದೆ. ಕಿತ್ತರೆ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಇದ್ದಲ್ಲೇ ಇರುತ್ತದೆ. ಕಳೆನಾಶಕ ಹೊಡೆಯುವಂತಿರಲಿಲ್ಲ. ವೀಳ್ಯದೆಲೆಯನ್ನು ಯಾರೂ ಬೇಯಿಸಿ ತಿನ್ನುವುದಿಲ್ಲ. ಕೊಯ್ದದ್ದು ಹಾಗೆಯೇ ಬಾಯಿಗೆ ಹೋಗುತ್ತದೆ. ವಿಷ ಬಿದ್ದ ತೋಟದ ಎಲೆ ಮುಟ್ಟುವುದಿಲ್ಲವೆಂದು ವ್ಯಾಪಾರಿ ಹೇಳಿದ್ದ. ವ್ಯಾಪಾರಿ ಹೇಳದಿದ್ದರೂ ರೈತ ಹೊಡೆಯುತ್ತಿರಲಿಲ್ಲ. ಅವನೂ ಎಲೆ ಹಾಕುವವನೇ.

ಪಕ್ಕದ ಊರಿನಲ್ಲಿ ಒಬ್ಬ ಮುದುಕಿ ಭತ್ತ ಬೇಯಿಸಿ ಕುಸುಬಲಕ್ಕಿ ಮಾಡುತ್ತಿದ್ದಳು. ಅವಳ ಅಂಗಳದ ಸುತ್ತ ಒಂದೆಳೆ ಜೇಕೂ ಇರಲಿಲ್ಲ. ರೈತ ಅವಳನ್ನು ಕೇಳಿದ.

“ಅಜ್ಜೀ, ಜೇಕಿಗೆ ಏನು ಮಾಡುತ್ತೀಯ?”

“ಬಿಸಿನೀರು ಹೊಯ್ಯುತ್ತೇನಪ್ಪ.”

“ಯಾವಾಗ?”

“ಮರಳಿದಾಗಲೆಲ್ಲ.”

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ರೈತ ಆಗಲೇ ಅಂಗಳ ದಾಟಿದ್ದ.

ಮನೆಗೆ ಬಂದವನೇ ತೋಟದ ಅಂಚಿನಲ್ಲಿ ಮೂರು ಕಲ್ಲು ಹೂಡಿ ಹಂಡೆ ಇಟ್ಟ. ನೀರು ಮರಳಿತು. ಕೊತಕೊತ ಕುದಿಯುವ ನೀರನ್ನು ಗಿಂಡಿಯಲ್ಲಿ ತುಂಬಿ ಜೇಕಿನ ಮೇಲೆ ಹೊಯ್ದ. ಸಂಜೆಯೊಳಗೆ ಹುಲ್ಲು ಕಂದಿ ನೆಲಕ್ಕೆ ಮಲಗಿತು. ಇದರಲ್ಲಿ ಪವಾಡವೇನಿಲ್ಲ. ಸೊಪ್ಪು ಬೇಯಿಸಿದವರೆಲ್ಲ ನೋಡಿರುತ್ತಾರೆ.

ಆದರೆ ಮುದುಕಿ ಮರಳಿದಾಗಲೆಲ್ಲ ಹೊಯ್ಯಬೇಕೆಂದಿದ್ದಳು. ರೈತ ಎರಡನೆಯ ಹಂಡೆ ಇಟ್ಟ. ಅದೂ ಮರಳಿತು. ಹೊಯ್ದ. ಮೂರನೆಯದು ಮರಳಿತು. ಹೊಯ್ದ. ಮರುದಿನ ಕೋಳಿ ಕೂಗುವ ಮೊದಲೇ ಒಲೆ ಹೊತ್ತಿಸಿದ. ನೀರು ಮರಳುವವರೆಗೆ ಕೂರಲಾಗದೆ ಹಂಡೆಯ ಸುತ್ತ ತಿರುಗಿದ. ಉಣ್ಣಲು ಕರೆದರೆ ಗಿಂಡಿ ಹಿಡಿದೇ ಹೋದ. ಸೌದೆ ಮುಗಿಯಿತು. ತೆಂಗಿನ ಗರಿ ಮುಗಿಯಿತು. ಬೇಲಿಯ ಗೂಟ ಕಿತ್ತು ಉರಿಗೆ ಹಾಕಿದ. ತೋಟದಲ್ಲಿ ಹುಲ್ಲೇ ಇರಲಿಲ್ಲ. ಬೋಳು ನೆಲಕ್ಕೆ ಹೊಯ್ದ.

ಅವನ ಹೆಂಡತಿ ಒಂದು ವಾರ ನೋಡಿದಳು.

“ಬಾಣಂತಿ ಇರುವ ಮನೆಯಲ್ಲೂ ಇಷ್ಟು ನೀರು ಕಾಯುವುದಿಲ್ಲ. ನಿಮ್ಮ ಜೇಕಿಗೆ ಎಣ್ಣೆ ಒತ್ತುವುದೊಂದು ಬಾಕಿ.”

“ನಿನಗೇನು ಗೊತ್ತು?”

“ನನಗೇನೂ ಗೊತ್ತಿಲ್ಲ. ಒಂದು ಹುಲ್ಲು ತೋರಿಸಿ, ನೋಡೋಣ.”

“ಕಾಣದಿದ್ದರೇನು? ಒಳಗಿದೆ.”

ಅವನು ಹೇಳಿದ್ದು ಸುಳ್ಳಲ್ಲ. ಒಳಗಿತ್ತು. ಆದರೆ ಗಡ್ಡೆ ಇದ್ದದ್ದು ಗೇಣಾಳದಲ್ಲಿ, ಬಳ್ಳಿಯ ಬೇರು ಇದ್ದದ್ದು ಬೆರಳಾಳದಲ್ಲಿ. ಬಿಸಿ ಗಡ್ಡೆಯವರೆಗೆ ಇಳಿಯಲಿಲ್ಲ. ಮೇಲೆ ಸಿಕ್ಕಿದ್ದನ್ನು ಬೇಯಿಸಿತು. ಬಳ್ಳಿಯ ಎಲೆ ಕೆಳಗಿನಿಂದ ಹಳದಿಯಾಗುತ್ತ ಬಂತು. ಜೇಕು ಒಳಗಿನಿಂದ ಸಾರ ಹೀರುತ್ತಿದೆ ಎಂದುಕೊಂಡ ರೈತ ಎರಡನೆಯ ಒಲೆ ಹೂಡಿದ. ಮೂರನೆಯ ವಾರ ಬಳ್ಳಿಗಳು ಆಸರೆಯ ಮರಗಳನ್ನು ಬಿಟ್ಟು ಕೆಳಗೆ ಜಾರಿದವು. ಅದೇ ವಾರ ನೆಲದಿಂದ ಸೂಜಿಯಂಥ ಹಸಿರು ಮೊಳಕೆಗಳು ಎದ್ದವು.

ರೈತ ಮುದುಕಿಯ ಅಂಗಳಕ್ಕೆ ಓಡಿದ.

“ನೀನು ಹೇಳಿದಂತೆಯೇ ಮಾಡಿದೆ ಅಜ್ಜೀ. ಮರಳಿದಾಗಲೆಲ್ಲ ಹೊಯ್ದೆ. ದಿನಕ್ಕೆ ಹತ್ತು ಹಂಡೆ.”

“ಹತ್ತು ಹಂಡೆ ಯಾಕೋ? ಜೇಕು ದಿನಕ್ಕೆ ಹತ್ತು ಸಲ ಬರುತ್ತದೆಯೇ?”

“ಜೇಕಲ್ಲ, ನೀರು. ನೀರು ಮರಳಿದಾಗಲೆಲ್ಲ.”

ಮುದುಕಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ನೀರು ದಿನವೂ ಮರಳುತ್ತದಪ್ಪ, ಅದಕ್ಕೇನು ಕೆಲಸ? ನಾನು ಹೇಳಿದ್ದು ಜೇಕು ಮರಳಿದಾಗ. ಹೋದದ್ದು ತಿರುಗಿ ಬಂದಾಗ. ಎರಡೆಲೆ ಮೇಲೆ ಬರಲಿ ಎಂದು ಬಿಡಬೇಕು. ಬರುವುದಕ್ಕೆ ಗಡ್ಡೆ ತನ್ನೊಳಗಿನದನ್ನೇ ಖರ್ಚು ಮಾಡಬೇಕು. ಆಗ ಅದರ ತಲೆಯ ಮೇಲಷ್ಟೇ ಹೊಯ್ಯಬೇಕು. ಮತ್ತೆ ಬರುತ್ತದೆ, ಮತ್ತೆ ಹೊಯ್ಯಬೇಕು. ಹೀಗೆ ಎಷ್ಟೋ ಸಲ ಆದಮೇಲೆ ಬರುವುದಕ್ಕೆ ಗಡ್ಡೆಯಲ್ಲಿ ಏನೂ ಉಳಿದಿರುವುದಿಲ್ಲ.”

“ಅದು ಬರುವವರೆಗೆ ಏನು ಮಾಡುತ್ತೀಯ?”

“ಏನು ಮಾಡಲಿ? ಭತ್ತ ಬೇಯಿಸುತ್ತೇನೆ.”

ರೈತ ತೋಟಕ್ಕೆ ಹಿಂತಿರುಗಿದ. ಅಲ್ಲಿ ಹಸಿರಾಗಿದ್ದದ್ದು ಜೇಕು ಒಂದೇ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಂಭುಲಿಂಗ ಎದ್ದು ನಿಂತಾಗಿತ್ತು.

“ತಿಳಿಯಿತು ಗುರುಗಳೇ. ಅಸೂಯೆ ತಲೆ ಎತ್ತಿದಾಗ ಮಾತ್ರ ವ್ರತ, ಉಳಿದ ಹೊತ್ತು ಓದು. ಈಗಿನಿಂದಲೇ ಶುರುಮಾಡುತ್ತೇನೆ.”

ಅವನ ಒಂದು ಕಾಲು ಹೊಸ್ತಿಲಾಚೆ ಇತ್ತು. ಗುರುಗಳು ಅವನತ್ತ ನೋಡದೆ ಹೇಳಿದರು:

“ಆ ರೈತನಿಗೂ ಇಷ್ಟೇ ಬೇಗ ತಿಳಿದಿತ್ತು.”