ಕೂರಲು ಕಲಿಯದ ಸರದಾರ

“ಗುರುಗಳೇ, ನನ್ನ ನಡತೆಯಲ್ಲಿ ಒಂದು ತಪ್ಪೂ ಆಗದಂತೆ ನೋಡಿಕೊಳ್ಳುತ್ತೇನೆ. ಆದರೂ ನಿಮ್ಮ ಹತ್ತಿರ ಬಂದರೆ ನನಗೆ ಸಂತೋಷವಾಗುವುದಿಲ್ಲ, ಬರೀ ಹೆದರಿಕೆಯಾಗುತ್ತದೆ. ಯಾಕೆ?”

ಹೀಗೆ ಕೇಳಿದವನು ಮಡಿವಾಳಯ್ಯ ಎಂಬ ಶಿಷ್ಯ. ಅವನು ಮಠಕ್ಕೆ ಬಂದು ವರ್ಷಗಳೇ ಆಗಿದ್ದವು. ಗುರುಗಳು ಒಂದು ಕೆಲಸ ಹೇಳುವ ಮೊದಲೇ ಅದನ್ನು ಮಾಡಿ ಮುಗಿಸಿರುತ್ತಿದ್ದ. ಆಗ ಗುರುಗಳು ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಶಿಷ್ಯನ ಪ್ರಶ್ನೆ ಕೇಳಿಸಿಕೊಂಡು ಪಕ್ಕದ ಚಾಪೆಯನ್ನು ಕೈಯಿಂದ ತಟ್ಟಿ ತೋರಿಸಿದರು. ಶಿಷ್ಯ, ಇರಲಿ ಗುರುಗಳೇ ಎಂದು ಕೈಮುಗಿದ. ಗುರುಗಳು ಇನ್ನೊಂದು ಕಾಯಿ ಒಡೆದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಮುಧೋಳ ನಾಯಿ ಇತ್ತು. ಹೆಸರು ಸರದಾರ. ಉದ್ದ ಕಾಲು, ಸಣ್ಣ ನಡು, ಹೆಸರಿಗೆ ತಕ್ಕ ಗತ್ತು. ಒಮ್ಮೆ ಯಾರೋ, ಇದನ್ನು ನಾಯಿಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿ ಎಂದರು. ವ್ಯಾಪಾರಿ ಹೋದ. ಒಂದು ಸಲ ಹೋದವನಿಗೆ ಅದರ ಹುಚ್ಚು ಹಿಡಿಯಿತು.

ಪ್ರದರ್ಶನದಲ್ಲಿ ಹಗ್ಗ ಕಟ್ಟಿದ ಕಣವಿರುತ್ತದೆ. ಒಡೆಯ ನಾಯಿಯನ್ನು ಅದರೊಳಗೆ ಒಂದು ಸುತ್ತು ನಡೆಸಿ, ತೀರ್ಪುಗಾರರ ಮುಂದೆ ನಿಲ್ಲಿಸಬೇಕು. ಅವರು ಹಲ್ಲು ನೋಡುತ್ತಾರೆ, ಬೆನ್ನು ಸವರುತ್ತಾರೆ, ದೂರ ನಿಂತು ಕಣ್ಣು ಕಿರಿದು ಮಾಡುತ್ತಾರೆ. ಅಷ್ಟು ಹೊತ್ತೂ ನಾಯಿ ಕಂಬದ ಹಾಗೆ ನಿಂತಿರಬೇಕು. ಕುಂಡಿ ಊರಿತೋ, ಮುಗಿಯಿತು. ಅದಕ್ಕೇ ಈ ಕಸುಬಿನ ಹಳಬರು ನಾಯಿಗೆ ಏನನ್ನು ಕಲಿಸಿದರೂ ಕೂರುವುದನ್ನು ಮಾತ್ರ ಕಲಿಸುವುದಿಲ್ಲ.

ವ್ಯಾಪಾರಿ ಈ ಮಾತನ್ನು ವೇದವಾಕ್ಯದಂತೆ ಹಿಡಿದ. ಸರದಾರ ಕೂರಲು ಹೊರಟರೆ ಸಾಕು, ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿ ನಿಲ್ಲಿಸುತ್ತಿದ್ದ. ನಿಂತರೆ ರೊಟ್ಟಿಯ ಚೂರು. ಅಂಗಳದಲ್ಲಾಗಲಿ ಅಡುಗೆಮನೆಯ ಬಾಗಿಲಲ್ಲಾಗಲಿ ಇದೇ ಪಾಠ. ಜಾಣ ನಾಯಿ, ಬೇಗ ಕಲಿಯಿತು. ಈ ಮನುಷ್ಯ ಎದುರಿಗಿದ್ದರೆ ನಿಂತಿರಬೇಕು, ಅಷ್ಟೇ.

ಆಮೇಲಿನ ದಿನಗಳ ಸಂಭ್ರಮ ಕೇಳಬೇಡ. ಬೆಲ್ಲ ಸಾಗಿಸುವ ಟೆಂಪೊದ ಹಿಂದುಗಡೆ ಖಾಲಿ ಗೋಣಿಚೀಲ ಹಾಸಿ, ಸರದಾರನನ್ನು ಹತ್ತಿಸಿ, ವ್ಯಾಪಾರಿ ಚಾಲಕನ ಪಕ್ಕ ಕೂತು ಊರೂರು ತಿರುಗಿದ. ದಾರಿಯಲ್ಲಿ ಮಂಡಕ್ಕಿ, ಮಿರ್ಚಿ, ಚಹಾ. ಹೋದಲ್ಲೆಲ್ಲ ನಾಯಿ ಸಾಕುವ ಜನ ಪರಿಚಯವಾದರು. ಅವರಿಗೆ ಇವನ ಹೆಸರು ನೆನಪಿರುತ್ತಿರಲಿಲ್ಲ. ಸರದಾರನ ಅಪ್ಪ ಬಂದ ಎನ್ನುತ್ತಿದ್ದರು. ಅದನ್ನು ಕೇಳಿ ಅವನು ಬೆಲ್ಲದ ಹಾಗೆಯೇ ಕರಗುತ್ತಿದ್ದ. ಸರದಾರನ ಮೈ ಬೆಲ್ಲದ ವಾಸನೆ ಹೊಡೆಯುತ್ತಿತ್ತು, ತೀರ್ಪುಗಾರರ ಕೈಗೆ ಇರುವೆ ಹತ್ತುತ್ತಿತ್ತು, ಆದರೂ ಬಹುಮಾನ ಅದಕ್ಕೇ ಬರುತ್ತಿತ್ತು. ಮನೆಯ ಗೂಡುಗಳಲ್ಲಿ ದೇವರಿಗೆ ಜಾಗ ಸಾಲದಷ್ಟು ಕಪ್‌ಗಳು ತುಂಬಿದವು.

ಒಂದು ಮಧ್ಯಾಹ್ನ ವ್ಯಾಪಾರಿ ಅಂಗಡಿಯಿಂದ ಬೇಗ ಬಂದ. ಕಿಟಕಿಯಲ್ಲಿ ಇಣುಕಿದರೆ, ಹೆಂಡತಿ ಅಕ್ಕಿ ಆರಿಸುತ್ತಿದ್ದಾಳೆ. ಅವಳ ತೊಡೆಯ ಮೇಲೆ ತಲೆಯಿಟ್ಟು ಸರದಾರ ಅಂಗಾತ ಬಿದ್ದಿದೆ. ನಾಲ್ಕು ಕಾಲೂ ಮೇಲೆ, ನಾಲಿಗೆ ಒಂದು ಕಡೆ. ಇಂಥ ಸರದಾರನನ್ನು ಅವನು ಕಂಡೇ ಇರಲಿಲ್ಲ. ತಡೆಯಲಾರದೆ ನಕ್ಕುಬಿಟ್ಟ. ನಗು ಕೇಳಿದ್ದೇ ತಡ, ನಾಯಿ ಎದ್ದು ಕಾಲು ಜೋಡಿಸಿ, ಕತ್ತೆತ್ತಿ ನಿಂತಿತು.

ವ್ಯಾಪಾರಿಯ ನಗು ಅಲ್ಲೇ ನಿಂತಿತು. ಅವನಿಗೆ ಬಹಳ ಕೆಟ್ಟದೆನಿಸಿತು. ಊರಿಗೆಲ್ಲ ಸರದಾರನ ಅಪ್ಪ ಎನಿಸಿಕೊಂಡವನ ಪಕ್ಕದಲ್ಲಿ ಅದು ಒಂದು ದಿನವೂ ಮಲಗಿರಲಿಲ್ಲ. ಹೇಗಾದರೂ ಮಾಡಿ ಅದನ್ನು ಹತ್ತಿರ ಕೂರಿಸಿಕೊಳ್ಳಬೇಕು ಎಂದು ಹಟ ಹಿಡಿದ. ಬೆನ್ನು ಒತ್ತಿದ. ಇದು ಹೊಸ ಪರೀಕ್ಷೆ ಇರಬೇಕೆಂದು ಅದು ಇನ್ನೂ ಗಟ್ಟಿಯಾಗಿ ನಿಂತಿತು. ರೊಟ್ಟಿ ತೋರಿಸಿದ. ಎದೆಯುಬ್ಬಿಸಿ ನಿಂತಿತು. ಕೂರು, ಕೂರು ಎಂದು ಬೇಡಿಕೊಂಡ. ಆ ಮಾತನ್ನು ಅದಕ್ಕೆ ಯಾರು ಹೇಳಿಕೊಟ್ಟಿದ್ದರು?

ಹೆಂಡತಿ ಇದನ್ನೆಲ್ಲ ನೋಡಿ ನೋಡಿ ಕೊನೆಗೆ ಹೇಳಿದಳು: “ಅದರ ಕಡೆ ನೀವು ನೋಡೋದು ಬಿಡ್ರಿ ಮೊದಲ. ಯಾವಾಗ ನೋಡಿದರೂ ಕಿವಿ ಹೆಂಗೈತಿ, ಬಾಲ ಹೆಂಗೈತಿ ಅಂತ ಅಳೀತೀರಿ. ಹಂಗ ನೋಡಿದರ ನಾನೂ ಎದ್ದು ನಿಲ್ತೀನಿ.”

ವ್ಯಾಪಾರಿ ಬೇರೆ ಕಡೆ ನೋಡಿದ. ಆದರೆ ಓರೆಗಣ್ಣು ಬಿಡಬೇಕಲ್ಲ. ನಾಯಿಗೆ ಅದೂ ತಿಳಿಯುತ್ತಿತ್ತು.

ಅಷ್ಟರಲ್ಲಿ ವರ್ಷದ ಎಲ್ಲಕ್ಕಿಂತ ದೊಡ್ಡ ಪ್ರದರ್ಶನ ಬಂತು. ಅಲ್ಲಿ ಗೆಲ್ಲಬೇಕೆಂಬುದು ಅವನ ಬಹುದಿನದ ಆಸೆ. ಬೆಳಿಗ್ಗೆಯೇ ಹೊರಟರು. ಅರ್ಧ ದಾರಿಯಲ್ಲಿ ಟೆಂಪೊ ಕುದಿದು ನಿಂತಿತು. ಚಾಲಕ ನೀರು ಹುಡುಕಿಕೊಂಡು ಹೋದ. ವ್ಯಾಪಾರಿ ಬೇವಿನ ಮರದ ಕೆಳಗೆ ಚೀಲ ಹಾಸಿ, ಸರದಾರನ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಅಡ್ಡಾದ. ನೊಣದ ಕಾಟಕ್ಕೆ ಮುಖದ ಮೇಲೆ ಟವೆಲ್ ಎಳೆದುಕೊಂಡ.

ಸ್ವಲ್ಪ ಹೊತ್ತಾಯಿತು. ಹಗ್ಗ ಸಡಿಲವಾಯಿತು. ಚೀಲದ ಮೇಲೆ ಏನೋ ಎರಡು ಸುತ್ತು ತಿರುಗಿ, ದೊಪ್ಪನೆ ಬಿತ್ತು. ಪಕ್ಕೆಗೆ ಬಿಸಿ ತಾಗಿತು. ಆಮೇಲೆ ಭುಜದ ಮೇಲೆ ಒಂದು ಉದ್ದನೆಯ ಮೂತಿ ಬಂದು ಕೂತು, ನಿಟ್ಟುಸಿರು ಬಿಟ್ಟಿತು.

ವ್ಯಾಪಾರಿಗೆ ನೋಡಬೇಕೆಂಬ ಆಸೆ ಎಷ್ಟಿತ್ತು! ಆದರೆ ನೋಡಿದರೆ ಎದ್ದು ನಿಲ್ಲುತ್ತದೆ. ಟವೆಲ್ ತೆಗೆಯಲಿಲ್ಲ. ಒಳಗೊಳಗೇ ನಗುತ್ತಾ ಹೊಟ್ಟೆ ಕುಣಿಸುತ್ತಾ ಮಲಗಿದ.

ಚಾಲಕ ಬಂದು ಗಾಡಿ ಸರಿಮಾಡಿ, ಏಳಿ ಸಾವ್ಕಾರ್ರ, ಹೊತ್ತಾತು ಎಂದ. ಟವೆಲ್ಲಿನ ಕೆಳಗಿಂದ ಮೆಲ್ಲಗೆ ಉತ್ತರ ಬಂತು: “ತಡಿಯೋ ಸ್ವಲ್ಪ. ಸರದಾರ ಮಲಗ್ಯಾನ.” ಸಾವ್ಕಾರರಿಗೆ ಬಿಸಿಲು ತಲೆಗೇರಿತು ಎಂದುಕೊಂಡು ಚಾಲಕನೂ ನೆರಳಿಗೆ ಸರಿದ.

ಸರದಾರ ನಿದ್ದೆ ಮುಗಿಸಿ ಮೈಮುರಿದ ಮೇಲೆಯೇ ಹೊರಟರು. ಕೊನೆಯ ಸುತ್ತಿಗೆ ಹೇಗೋ ಮುಟ್ಟಿದರು. ಸರದಾರ ಎಂದಿಗಿಂತ ಚೆನ್ನಾಗಿ ನಡೆಯಿತು. ಜನ ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಎದುರಿಗೆ ಬಂದು ಕಣ್ಣು ಕಿರಿದು ಮಾಡಿದರು. ಆಗ ಸರದಾರ ಒಡೆಯನ ಮುಖ ನೋಡಿತು, ಆಕಳಿಸಿತು, ಅವನ ಪಾದದ ಮೇಲೆಯೇ ಕೂತುಬಿಟ್ಟಿತು.

ತೀರ್ಪುಗಾರರು ಒಳ್ಳೆಯವರು, ಒಂದು ಕ್ಷಣ ಕಾದರು. ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿದರೆ ಇನ್ನೂ ಗೆಲ್ಲಬಹುದಿತ್ತು. ವ್ಯಾಪಾರಿಯ ಕೈ ಅಭ್ಯಾಸಬಲದಿಂದ ಅರ್ಧದವರೆಗೆ ಹೋಯಿತು. ಅಲ್ಲಿಂದ ತಿರುಗಿ ಸರದಾರನ ತಲೆಯ ಮೇಲೆ ಬಂತು. ಕಣದ ಸುತ್ತಲಿನ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ವ್ಯಾಪಾರಿಯೇ.

ಕಪ್ ಬೇರೆ ನಾಯಿಗೆ ಹೋಯಿತು. ಆದರೆ ಅಂದು ಎಲ್ಲರಿಗೂ ಪೇಡೆ ಹಂಚಿದವನು ಇವನು. ಗೆದ್ದವನಿಗೇ ಗೊಂದಲವಾಗಿ, ಗೆದ್ದದ್ದು ಯಾರು ಎಂದು ಇನ್ನೊಮ್ಮೆ ಕೇಳಿ ಬಂದ.

ಆಮೇಲೂ ವ್ಯಾಪಾರಿ ಊರೂರು ತಿರುಗುವುದನ್ನು ಬಿಡಲಿಲ್ಲ. ಅದೇ ಟೆಂಪೊ, ಅದೇ ಮಂಡಕ್ಕಿ ಮಿರ್ಚಿ. ಸರದಾರ ಕೆಲವು ಸಲ ಗೆದ್ದಿತು, ಕೆಲವು ಸಲ ಕೂತಿತು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ಗಂಭೀರವಾಗಿ ಯೋಚಿಸಿದ. ಹಾಗಾದರೆ ಶಿಸ್ತಿಗಿಂತ ಪ್ರೀತಿ ದೊಡ್ಡದು ಎಂದು ತಿಳಿಯಬೇಕೇ, ಅಥವಾ ಎರಡಕ್ಕೂ ಒಂದೊಂದು ಕಾಲವಿದೆ ಎಂದು ತಿಳಿಯಬೇಕೇ ಎಂದು ಕೈಮುಗಿದೇ ಕೇಳಿದ.

ಗುರುಗಳು ತಲೆಯೆತ್ತಲಿಲ್ಲ. ಶೇಂಗಾದ ಬುಟ್ಟಿಯನ್ನು ಚಾಪೆಯ ಕಡೆಗೆ ಸ್ವಲ್ಪ ಸರಿಸಿದರು.

“ಕತೆ ಶುರುವಾದಾಗಿನಿಂದ ನೀನು ನಿಂತೇ ಇದ್ದೀಯಲ್ಲ ಮಡಿವಾಳಯ್ಯ, ಕೂತುಕೋ.”

ಮಡಿವಾಳಯ್ಯ ಮುಗಿದ ಕೈ ಇಳಿಸಿದ. ಕೂತ.